ಎಂಜಿಬಿ ಕೊಳ್ಳುವುದು: ಹೊಳೆಯುವ ಕಾರೋ, ಕಾಗದವಿರುವ ಕಾರೋ?

ತುಂಗಾತೀರ, ರೆಡಿಂಗ್
ಫೆಬ್ರವರಿ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿನಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ವಿಷಯವನ್ನು ಇಂದು ಕೇಳುತ್ತಿದ್ದೇನೆ. ನಾನೊಂದು ಹಳೆಯ ಎಂಜಿಬಿ, ಅಂದರೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೊಳ್ಳಬೇಕೆಂದಿದ್ದೇನೆ. ಪ್ರದರ್ಶನಕ್ಕೆ ನಿಲ್ಲಿಸಲು ಅಲ್ಲ, ಓಡಿಸಲು. ಈ ಕಾರು ಹುಟ್ಟಿದ ಅಬಿಂಗ್ಡನ್ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಜೂನ್‌ನಲ್ಲಿ ಅಪ್ಪ ಶಿವಮೊಗ್ಗದಿಂದ ಬರುತ್ತಾರೆ. ಮೂವತ್ತು ವರ್ಷ ಅಂಬಾಸಡರ್ ಓಡಿಸಿದವರು ಅವರು. ಅಂಬಾಸಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸರಣಿಯ ಒಂದೇ ವಂಶದವು ಎಂದು ತಿಳಿದ ದಿನವೇ ಈ ಆಸೆ ಗಟ್ಟಿಯಾಯಿತು.

ಎರಡು ಕಾರು ಕಣ್ಣಿಗೆ ಬಿದ್ದಿವೆ. ಒಂದು 1971ರ ರೋಡ್‌ಸ್ಟರ್, ಅಂದರೆ ಮೇಲಿನ ಹೊದಿಕೆ ಮಡಚುವ ಮಾದರಿ. ಕೆಂಪು ಬಣ್ಣ ಕನ್ನಡಿಯ ಹಾಗಿದೆ. 11,500 ಪೌಂಡ್ ಹೇಳುತ್ತಾರೆ. ಎರಡು ವರ್ಷದ ಹಿಂದೆ ಪೂರ್ತಿ ದುರಸ್ತಿಯಾಗಿದೆಯಂತೆ, ಆದರೆ ನೋಂದಣಿ ಪತ್ರ ಬಿಟ್ಟರೆ ಬೇರೆ ಕಾಗದವಿಲ್ಲ. ಇನ್ನೊಂದು 1967ರ ಜಿಟಿ, ಗಟ್ಟಿ ಚಾವಣಿಯದು, ಹಸಿರು ಬಣ್ಣ. ಬಾನೆಟ್ ಅಂಚಿನಲ್ಲಿ ಬಣ್ಣ ಬಿರುಕುಬಿಟ್ಟಿದೆ, ಸೀಟಿನ ಹೊಲಿಗೆ ಬಿಚ್ಚಿದೆ. 8,200 ಪೌಂಡ್. ಜೊತೆಗೆ ಒಂದು ದಪ್ಪ ಪೆಟ್ಟಿಗೆಯ ತುಂಬ ಕಾಗದಗಳು. ಓಡಿರುವುದು 38,000 ಮೈಲಿ ಎಂದು ಜಾಹೀರಾತಿನಲ್ಲಿದೆ.

ಮನಸ್ಸು ಕೆಂಪು ಕಾರಿನ ಕಡೆಗೇ ಎಳೆಯುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಗ್ರೀಸ್ ಕೈ, ಕೊವೆಂಟ್ರಿ
ಸೋಮವಾರ ಬೆಳಿಗ್ಗೆ

ತಮ್ಮಾ, ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಎಂಜಿಬಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಇದಕ್ಕೆ ಮೊದಲಿದ್ದ ಎಂಜಿಎಗೆ ಇತ್ತು. ಎಂಜಿಬಿಯಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಾಕಾರದ ಭಾಗ, ಇಲ್ಲಿ ಅದಕ್ಕೆ ಸಿಲ್ ಎನ್ನುತ್ತಾರೆ, ಅದೇ ಈ ಕಾರಿನ ಬೆನ್ನೆಲುಬು. ಹೊರ ತಗಡು, ಒಳ ತಗಡು, ಅಡಿಯಲ್ಲಿ ಇನ್ನೊಂದು ಪಟ್ಟಿ ಹೀಗೆ ಹಲವು ಪದರ. ರೋಡ್‌ಸ್ಟರಿಗೆ ಮೇಲೆ ಚಾವಣಿಯ ಆಸರೆ ಇಲ್ಲ, ಇಡೀ ಭಾರವನ್ನು ಸಿಲ್‌ಗಳೇ ಹೊರಬೇಕು. ಅವು ತುಕ್ಕು ತಿಂದರೆ ಕಾರು ನಡುವಿನಲ್ಲಿ ಜೋಲುತ್ತದೆ.

ಒಳಗಿನ ಕೊಳೆತ ಭಾಗವನ್ನು ಕತ್ತರಿಸಿ ತೆಗೆಯದೆ ಮೇಲೊಂದು ಹೊಸ ತಗಡು ಬೆಸೆದು, ಪುಟ್ಟಿ ಹಚ್ಚಿ, ಪೇಂಟ್ ಹೊಡೆಯುವವರು ಇಲ್ಲಿಯೂ ಇದ್ದಾರೆ. ಮೇಲೆ ತಳುಕು, ಒಳಗೆ ಹುಳುಕು. ಆದ್ದರಿಂದ ಕೆಂಪು ಕಾರಿನವರನ್ನು ಒಂದೇ ಪ್ರಶ್ನೆ ಕೇಳಿ: ದುರಸ್ತಿಯ ನಡುವೆ, ಬಣ್ಣಕ್ಕೆ ಮೊದಲು ತೆಗೆದ ಫೋಟೊಗಳಿವೆಯೇ? ಸಾವಿರಾರು ಪೌಂಡ್ ಸುರಿದು ತಿಂಗಳುಗಟ್ಟಲೆ ಕೆಲಸ ಮಾಡಿಸಿದವನು ಒಂದೇ ಒಂದು ಫೋಟೊ ತೆಗೆಯದೆ ಇದ್ದನೆಂದರೆ ನಾನು ನಂಬುವುದಿಲ್ಲ.

ಫ್ರಿಜ್‌ಗೆ ಅಂಟಿಸುವ ತೆಳುವಾದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಲವಾದ ಅಯಸ್ಕಾಂತ ಬೇಡ, ಅದು ಪುಟ್ಟಿಯ ಮೇಲಿನಿಂದಲೂ ಹಿಡಿಯುತ್ತದೆ. ಸಿಲ್‌ನ ಕೆಳಭಾಗ, ಮುಂದಿನ ಮಡ್‌ಗಾರ್ಡಿನ ತಳ, ಹಿಂದಿನ ಚಕ್ರದ ಕಮಾನು, ಬಾಗಿಲಿನ ಸಣ್ಣ ತ್ರಿಕೋನ ಗಾಜಿನ ಕೆಳಗೆ, ಇಷ್ಟು ಕಡೆ ಇಡಿ. ಆಮೇಲೆ ಜ್ಯಾಕ್ ಹಾಕಿ ಒಂದು ಬದಿ ಎತ್ತಿಸಿ, ಬಾಗಿಲು ತೆಗೆದು ಮುಚ್ಚಿ ನೋಡಿ. ಎತ್ತಿದಾಗ ಬಾಗಿಲು ಬಿಗಿಯಾದರೆ ಅಲ್ಲಿಂದ ಹೊರಟುಬಿಡಿ.

ಕಡತಪ್ರಿಯೆ, ಲೆಸ್ಟರ್
ಸೋಮವಾರ ಸಂಜೆ

ನನಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಆದರೆ ಹಳೆಯ ದಾಖಲೆಗಳನ್ನು ಓದುವುದೇ ನನ್ನ ಉದ್ಯೋಗ, ನಮ್ಮ ಮನೆಯವರ ಹಳೆಯ ಕಾರು ಕೊಳ್ಳುವಾಗ ಅದೇ ಕೆಲಸಕ್ಕೆ ಬಂತು. ಹಸಿರು ಜಿಟಿಯ ಪೆಟ್ಟಿಗೆಯ ಬಗ್ಗೆ ಹೇಳುತ್ತೇನೆ.

ಪೆಟ್ಟಿಗೆ ದಪ್ಪಗಿದೆ ಎಂದಷ್ಟಕ್ಕೇ ಸಂತೋಷಪಡಬೇಡಿ. ಮಾರುವವರ ಅನುಮತಿ ಕೇಳಿ ಊಟದ ಮೇಜಿನ ಮೇಲೆ ಎಲ್ಲವನ್ನೂ ತಾರೀಖಿನ ಪ್ರಕಾರ ಹರಡಿ. ಪ್ರತಿ ರಸೀತಿಯಲ್ಲೂ ಮೂರು ಸಂಗತಿ ನೋಡಿ: ದಿನಾಂಕ, ಗಾಡಿಯ ನಂಬರು, ಮೈಲಿ. ಗಾಡಿಯ ನಂಬರೇ ಇಲ್ಲದ ರಸೀತಿ ಯಾವ ಕಾರಿನದೋ ಇರಬಹುದು.

ಇಂದಿನ ನೋಂದಣಿ ಪತ್ರವನ್ನು ವಿ5ಸಿ ಎನ್ನುತ್ತಾರೆ. ನಮ್ಮ ಆರ್‌ಸಿ ಪುಸ್ತಕದ ಹಾಗೆ ಎಂದುಕೊಳ್ಳಬೇಡಿ. ಅದರಲ್ಲಿರುವುದು ಗಾಡಿಯನ್ನು ಇಟ್ಟುಕೊಂಡವರ ಹೆಸರು. ಅದು ಮಾಲೀಕತ್ವದ ಸಾಕ್ಷಿಯಲ್ಲ ಎಂದು ಅದರ ಮೇಲೆಯೇ ಮುದ್ರಿಸಿದ್ದಾರೆ. ಆದ್ದರಿಂದ ಈಗಿನವರು ಕೊಂಡಾಗಿನ ರಸೀತಿಯನ್ನೂ ಕೇಳಿ, ಸಾಲ ಬಾಕಿ ಇದೆಯೇ ಎಂದೂ ಪರೀಕ್ಷೆ ಮಾಡಿಸಿ. ಸ್ವಾನ್ಸಿಯಲ್ಲಿರುವ ಕೇಂದ್ರ ವಾಹನ ನೋಂದಣಿ ಕಚೇರಿಯ ಕಂಪ್ಯೂಟರ್ ಬರುವ ಮೊದಲು ಸ್ಥಳೀಯ ಕೌನ್ಸಿಲ್‌ಗಳೇ ಗಾಡಿ ನೋಂದಾಯಿಸುತ್ತಿದ್ದವು. ಆ ಕಾಲದ ಮಾಸಲು ಕಂದು ಬಣ್ಣದ ಲಾಗ್‌ಬುಕ್, ಅಂದರೆ ನೋಂದಣಿ ಪುಸ್ತಕ, ಪೆಟ್ಟಿಗೆಯಲ್ಲಿದ್ದರೆ ಅದೃಷ್ಟವೆಂದೇ ತಿಳಿಯಿರಿ. ಕೈ ಬದಲಾದಾಗಲೆಲ್ಲ ಕೌನ್ಸಿಲ್ ಮೊಹರು ಹಾಕಿರುತ್ತದೆ.

1967ರ ಗಾಡಿ ಎಂದರೆ ನಂಬರಿನ ಕೊನೆಯ ಅಕ್ಷರವನ್ನೂ ನೋಡಿ. ಆ ವರ್ಷ ಜುಲೈವರೆಗೆ ಇ, ಆಗಸ್ಟ್ ಒಂದರಿಂದ ಎಫ್. ಮೊದಲ ನೋಂದಣಿಯ ತಿಂಗಳಿಗೂ ಈ ಅಕ್ಷರಕ್ಕೂ ತಾಳೆಯಾಗಬೇಕು.

ಸ್ಪಿಟ್‌ಫೈರ್ ಮಂಡ್ಯ, ಸ್ವಿಂಡನ್
ಸೋಮವಾರ ರಾತ್ರಿ

ಮೇಡಂ ಹೇಳಿದ್ದನ್ನು ಗೌರವದಿಂದಲೇ ಒಪ್ಪದೆ ಇರುತ್ತೇನೆ. ಕಾಗದ ಕಾರನ್ನು ಓಡಿಸುವುದಿಲ್ಲ. 2019ರಲ್ಲಿ ನಾನು ಟ್ರಯಂಫ್ ಸ್ಪಿಟ್‌ಫೈರ್ ಕೊಂಡಾಗ ಎರಡು ದಪ್ಪ ಫೈಲ್ ಕೊಟ್ಟರು. ಎಷ್ಟು ರಸೀತಿ ಎಂದು ಎಣಿಸಿ ಹಿಗ್ಗಿದೆ. ಮನೆಗೆ ತಂದು ಮೂರು ವಾರಕ್ಕೆ ಅಡಿಯಲ್ಲಿ ಮಲಗಿ ನೋಡಿದರೆ, ಚಾಸಿಯಿಂದ ಬಾಡಿಯನ್ನು ಹಿಡಿಯುವ ಅಡ್ಡತೋಳುಗಳು ಹಪ್ಪಳದಂತಾಗಿದ್ದವು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಯಿತು. ವೆಲ್ಡಿಂಗಿಗೆ 2,600 ಪೌಂಡ್ ಖರ್ಚಾಯಿತು, ಆ ಬೇಸಿಗೆ ಪೂರ್ತಿ ಕಾರು ಗ್ಯಾರೇಜಿನಲ್ಲೇ ಕಳೆಯಿತು. ನನ್ನ ಮಗಳು ಅದರಲ್ಲಿ ಕೂತು ಶಾಲೆಯ ಕೊನೆಯ ದಿನ ಹೋಗಬೇಕೆಂದುಕೊಂಡಿದ್ದಳು, ಆಗಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾಗದ ಆಮೇಲೆ. ಮೊದಲು ಕಾರಿನ ಅಡಿಗೆ ಹೋಗಿ.

ಕಡತಪ್ರಿಯೆ, ಲೆಸ್ಟರ್
ಸೋಮವಾರ ರಾತ್ರಿ

ನಿಮ್ಮ ಮಗಳ ವಿಷಯ ಓದಿ ನಿಜವಾಗಿಯೂ ಬೇಸರವಾಯಿತು. ಒಂದು ಮಾತು ಕೇಳಬಹುದೇ? ಆ ಎರಡು ಫೈಲ್‌ಗಳಲ್ಲಿ ವೆಲ್ಡಿಂಗಿನ ರಸೀತಿ ಎಷ್ಟಿದ್ದವು?

ಸ್ಪಿಟ್‌ಫೈರ್ ಮಂಡ್ಯ, ಸ್ವಿಂಡನ್
ಮಂಗಳವಾರ ಬೆಳಿಗ್ಗೆ

ಈಗ ಫೈಲ್ ತೆಗೆದು ನೋಡಿದೆ. ಒಂದೂ ಇಲ್ಲ. ಕ್ರೋಮ್, ಕಾರ್ಪೆಟ್, ಸ್ಟಿಯರಿಂಗ್ ಚಕ್ರ, ಪಾಲಿಶ್, ಟೈರ್. ನಲವತ್ತು ವರ್ಷದಲ್ಲಿ ಒಂದು ಸಲವೂ ಅಡಿಯ ಕೆಲಸವಾಗಿಲ್ಲ. ಅದು ಅಲ್ಲೇ ಬರೆದಿತ್ತು, ನಾನು ಓದಲಿಲ್ಲ.

ತುಂಗಾತೀರ, ರೆಡಿಂಗ್
ಶನಿವಾರ ಮಧ್ಯಾಹ್ನ

ಕೆಂಪು ಕಾರು ನೋಡಿ ಬಂದೆ. ದೂರದಿಂದ ನೋಡಿದಾಗ ಎದೆ ಹೊಡೆದುಕೊಂಡದ್ದು ನಿಜ. ಹತ್ತಿರ ಹೋಗಿ ಎಡಬದಿಯ ಸಿಲ್‌ಗೆ ಅಯಸ್ಕಾಂತ ಇಟ್ಟೆ. ಮೇಲ್ಭಾಗದಲ್ಲಿ ಹಿಡಿಯಿತು. ಎರಡು ಬೆರಳು ಕೆಳಗೆ ಜಾರಿಸಿದರೆ ಕಳಚಿ ನೆಲಕ್ಕೆ ಬಿತ್ತು. ಇನ್ನೊಂದು ಕಡೆ ಇಟ್ಟೆ, ಅಲ್ಲಿಯೂ ಬಿತ್ತು. ಸದ್ದಾಗುತ್ತಲೇ ಮಾರುವವರ ಮುಖ ಬೇರೆಯಾಯಿತು. ಜ್ಯಾಕ್ ಹಾಕಲು ಕೇಳಿದೆ, ಒಪ್ಪಲಿಲ್ಲ. ಫೋಟೊಗಳು ಹಳೆಯ ಮೊಬೈಲಿನೊಂದಿಗೆ ಹೋದವಂತೆ.

ಇನ್ನೊಂದು ಸಂಗತಿ. ಬಾನೆಟ್ ಕೆಳಗಿನ ತಗಡಿನ ಫಲಕದಲ್ಲಿ ಚಾಸಿ ಸಂಖ್ಯೆ ಜಿಎಚ್‌ಎನ್5 ಆದಮೇಲೆ ಯು ಎಂಬ ಅಕ್ಷರದಿಂದ ಮುಂದುವರಿಯುತ್ತದೆ. ಅದರ ಅರ್ಥವೇನು?

ಗ್ರೀಸ್ ಕೈ, ಕೊವೆಂಟ್ರಿ
ಶನಿವಾರ ಸಂಜೆ

ಅಮೆರಿಕಕ್ಕೆ ಮಾಡಿದ ಕಾರು. ಜಿ ಎಂದರೆ ಎಂಜಿ, ಎಚ್ ಎಂದರೆ ಬಿ-ಸರಣಿ ಎಂಜಿನ್, ಎನ್ ಎಂದರೆ ಎರಡು ಸೀಟು, ಯು ಎಂದರೆ ಅಮೆರಿಕ. ಎಂಜಿಬಿಗಳಲ್ಲಿ ಬಹುಪಾಲು ಹೋದದ್ದೇ ಅಲ್ಲಿಗೆ. ಎಷ್ಟೋ ಕಾರುಗಳು ಆಮೇಲೆ ಮರಳಿ ಬಂದು, ಎಡಗಡೆಯ ಸ್ಟಿಯರಿಂಗ್ ಬಲಕ್ಕೆ ಬದಲಾಯಿತು. ಅದೇನೂ ಕಳಂಕವಲ್ಲ. ಕ್ಯಾಲಿಫೋರ್ನಿಯದ ಒಣ ಹವೆಯಲ್ಲಿದ್ದ ಕಾರಿನ ತಗಡು ಇಲ್ಲಿಯದಕ್ಕಿಂತ ಚೆನ್ನಾಗಿರುವುದೂ ಉಂಟು. ಆದರೆ ಮಾರುವವರು ಅದನ್ನು ಹೇಳಬೇಕಿತ್ತು. ಆ ಫಲಕವನ್ನೂ ರಿವೆಟ್ ಹೊಡೆದು ಕೂರಿಸಿರುತ್ತಾರೆ, ಆದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಕೆಂಪು ಕಾರನ್ನು ಮರೆತುಬಿಡಿ.

ಜಿಟಿ ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿ. ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ, ಕಿವಿಗೊಡಿ. ಹಿಂದಿನಿಂದ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಹತ್ತಿಪ್ಪತ್ತು ಸಲ ಬಡಿದು ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಸಿಕ್ಕಿಕೊಂಡಿದೆ. ಇಪ್ಪತ್ತು ಮೈಲಿ ಓಡಿಸಿ ಬಿಸಿಯಾದ ಮೇಲೆ ಆಯಿಲ್ ಒತ್ತಡ ನೋಡಿ: ಓಡುವಾಗ ಚದರ ಇಂಚಿಗೆ 50 ಪೌಂಡಿನ ಆಸುಪಾಸು, ನಿಂತಾಗ 15ರಿಂದ 25.

1967ರ ಗಿಯರ್‌ಬಾಕ್ಸಿನಲ್ಲಿ ಒಂದನೆಯ ಗಿಯರಿಗೆ ಸಿಂಕ್ರೊ, ಅಂದರೆ ಓಡುವಾಗಲೂ ಗಿಯರ್ ಸರಾಗ ಬೀಳುವಂತೆ ಮಾಡುವ ಭಾಗ, ಇಲ್ಲ, ಅದು ಬಂದದ್ದು ಆ ವರ್ಷದ ಕೊನೆಗೆ. ಪೂರ್ತಿ ನಿಂತ ಮೇಲೆ ಒಂದನೆಯದಕ್ಕೆ ಹಾಕಿ. ಓವರ್‌ಡ್ರೈವ್, ಅಂದರೆ ಅದೇ ವೇಗದಲ್ಲಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸುವ ಹೆಚ್ಚುವರಿ ಗಿಯರ್, ಇದೆಯೇ ಕೇಳಿ. ನೀವು ಓಡಿಸಲೆಂದೇ ಕೊಳ್ಳುತ್ತಿರುವುದರಿಂದ ಇದು ಮುಖ್ಯ. ಅದಿಲ್ಲದಿದ್ದರೆ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುತ್ತದೆ, ಇದ್ದರೆ 3,200ಕ್ಕೂ ಕಡಿಮೆ. ಮೋಟಾರುದಾರಿಯಲ್ಲಿ ಒಂದು ಗಂಟೆ ಕಳೆದ ಮೇಲೆ ನಿಮ್ಮ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ.

ತುಂಗಾತೀರ, ರೆಡಿಂಗ್
ಮರುವಾರ, ಭಾನುವಾರ ರಾತ್ರಿ

ಹಸಿರು ಕಾರಿನ ಮನೆಯಲ್ಲಿ ನಾಲ್ಕು ಗಂಟೆ ಕಳೆದೆ. ಅದರಲ್ಲಿ ಮೂರು ಗಂಟೆ ಊಟದ ಮೇಜಿನ ಮುಂದೆ. ವಯಸ್ಸಾದ ದಂಪತಿ. ಚಹಾ ಕೊಟ್ಟು, ಪೆಟ್ಟಿಗೆ ಮುಂದಿಟ್ಟು, ನೋಡಿಕೊಳ್ಳಿ ಎಂದು ತೋಟಕ್ಕೆ ಹೋದರು.

ಕಂದು ಲಾಗ್‌ಬುಕ್ ಇದೆ! ಮೂರು ಮೊಹರುಗಳಿವೆ. ಮೊದಲ ನೋಂದಣಿ 1967ರ ಮೇ, ನಂಬರಿನ ಕೊನೆಗೆ ಇ. ಅದರಲ್ಲಿ ಬರೆದ ಎಂಜಿನ್ ಸಂಖ್ಯೆ 18ಜಿಬಿ ಎಂದು ಆರಂಭ. ಬಣ್ಣ ಎಂಬಲ್ಲಿ ಹಳದಿ ಎಂದಿದೆ, ಕಾರು ಹಸಿರು.

ಅದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ಅಂಗೈಯಗಲದ ಒಂದು ನೀಲಿ ಪುಸ್ತಕ. ಮೊದಲ ಒಡತಿ ಪೆಟ್ರೋಲ್ ಹಾಕಿಸಿದಾಗಲೆಲ್ಲ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದಾರೆ. ತಾರೀಖು, ಗ್ಯಾಲನ್, ಹಣ, ಮೈಲಿ. ಒಂಬತ್ತು ವರ್ಷ ಒಂದು ಸಾಲೂ ತಪ್ಪಿಲ್ಲ. 1976ಕ್ಕೆ 81,040 ಮೈಲಿಗೆ ಪುಸ್ತಕ ಮುಗಿಯುತ್ತದೆ. ಹಾಗಾದರೆ ಈಗ ಮೀಟರಿನಲ್ಲಿ 38,412 ಹೇಗೆ? ಎಂಜಿನ್ ಮೇಲಿನ ಸಂಖ್ಯೆಯೂ ಲಾಗ್‌ಬುಕ್ಕಿನದಲ್ಲ, ವಿ5ಸಿಯಲ್ಲಿರುವುದು. ತಲೆ ತಿರುಗುತ್ತಿದೆ. ಎಲ್ಲ ಕಾಗದಗಳ ಫೋಟೊ ಹಾಕಿದ್ದೇನೆ, ಹೆಸರು ವಿಳಾಸ ಮುಚ್ಚಿದ್ದೇನೆ.

ಕಡತಪ್ರಿಯೆ, ಲೆಸ್ಟರ್
ಸೋಮವಾರ ರಾತ್ರಿ

ಕೆಲಸ ಮುಗಿಸಿ ಬಂದವಳು ಊಟವನ್ನೂ ಮಾಡದೆ ಓದಿದೆ. ನೀಲಿ ಪುಸ್ತಕದ ಒಂದು ಪುಟವನ್ನು ನೀವು ಗಮನಿಸಿದಿರೋ ಇಲ್ಲವೋ. 1971ರ ಫೆಬ್ರವರಿ 12ರ ಸಾಲಿನಲ್ಲಿ ಹಣ ಷಿಲಿಂಗ್ ಮತ್ತು ಪೆನ್ಸ್‌ನಲ್ಲಿದೆ. ಮುಂದಿನ ಸಾಲು 20ನೇ ತಾರೀಖಿನದು, ಅಲ್ಲಿಂದ ದಶಮಾಂಶದ ಲೆಕ್ಕ. ಬ್ರಿಟನ್ ಹೊಸ ನಾಣ್ಯಪದ್ಧತಿಗೆ ಬಂದದ್ದು ಅದೇ 15ರಂದು. ಆಕೆ ಆ ಸಾಲಿನಲ್ಲಿ ಒಮ್ಮೆ ತಪ್ಪು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದಾರೆ. ಇದು ಆಯಾ ದಿನವೇ ಬರೆದ ಪುಸ್ತಕ, ಅನುಮಾನ ಬೇಡ.

ಮೈಲಿಯ ಒಗಟು ಸುಲಭ. ಈ ಮೀಟರಿನಲ್ಲಿ ಪೂರ್ಣ ಮೈಲಿಗೆ ಐದೇ ಅಂಕಿ. ನೀವು ಹಾಕಿದ ಎಂಒಟಿ ಪತ್ರಗಳನ್ನು, ಅಂದರೆ ವಾರ್ಷಿಕ ತಪಾಸಣೆಯ ಪ್ರಮಾಣಪತ್ರಗಳನ್ನು, ಸಾಲಾಗಿಡಿ: 1983ರಲ್ಲಿ 97,460, 1985ರಲ್ಲಿ 2,118. ನಡುವೆ ಒಂದು ಲಕ್ಷ ದಾಟಿ ಸೊನ್ನೆಗೆ ಬಂದಿದೆ. ಕಾರು ಓಡಿರುವುದು 1,38,412. ಮೋಸವೆಂದು ನನಗನ್ನಿಸುವುದಿಲ್ಲ. ಮೋಸ ಮಾಡುವವರು ಈ ಪತ್ರಗಳನ್ನೆಲ್ಲ ನಿಮ್ಮ ಕೈಗಿತ್ತು ತೋಟಕ್ಕೆ ಹೋಗುತ್ತಿರಲಿಲ್ಲ. ಆದರೂ ಬೆಲೆ ಮಾತಾಡುವಾಗ ಇದನ್ನು ಹೇಳಿ.

ಎಂಜಿನ್ನಿಗೆ 1979ರ ರಸೀತಿ ನೋಡಿ. ಗೋಲ್ಡ್ ಸೀಲ್ ಎಂದಿದೆಯಲ್ಲ, ಅದರ ಬಗ್ಗೆ ಕೊವೆಂಟ್ರಿಯವರು ಹೇಳಲಿ.

ಗ್ರೀಸ್ ಕೈ, ಕೊವೆಂಟ್ರಿ
ಸೋಮವಾರ ರಾತ್ರಿ

ಗೋಲ್ಡ್ ಸೀಲ್ ಎಂದರೆ ಕಂಪನಿಯೇ ಹೊಸದಾಗಿ ಕಟ್ಟಿ ಕೊಡುತ್ತಿದ್ದ ಬದಲಿ ಎಂಜಿನ್. ಸವೆದ ಎಂಜಿನ್ ಕೊಟ್ಟು ಇದನ್ನು ತೆಗೆದುಕೊಂಡು ಹೋಗುತ್ತಿದ್ದರು. ಸಂಖ್ಯೆ ಬೇರೆಯೇ ಇರುತ್ತದೆ. ರಸೀತಿಯ ಸಂಖ್ಯೆ, ಎಂಜಿನ್ ಮೇಲಿನ ಸಂಖ್ಯೆ, ವಿ5ಸಿಯ ಸಂಖ್ಯೆ ಮೂರೂ ಒಂದೇ ಆಗಿವೆ. ಮೂಲ ಎಂಜಿನ್ನೇ ಬೇಕೆಂದು ಸಂಗ್ರಹಕಾರರು ಹಟ ಹಿಡಿಯುತ್ತಾರೆ. ನಿಮಗೆ ಬೇಕಿರುವುದು ಓಡುವ ಕಾರು, ಇದು ದೋಷವಲ್ಲ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು 1991ರ ವೆಲ್ಡಿಂಗ್ ರಸೀತಿ ಮತ್ತು ಅದರ ಜೊತೆಗಿರುವ ಹನ್ನೊಂದು ಫೋಟೊಗಳು. ನಾಲ್ಕನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಹೊರ ಸಿಲ್ ಪೂರ್ತಿ ಕತ್ತರಿಸಿ ತೆಗೆದಿದ್ದಾರೆ, ಒಳಗಿನ ತಗಡೂ ಹೊಸದು, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಾಡಿ ಜೋಲದಂತೆ ಹಿಡಿದಿದ್ದಾರೆ. ಟಿಂಕರಿಂಗ್ ಬಲ್ಲವನ ಕೈಕೆಲಸ. ನಾನಿದ್ದಿದ್ದರೆ ಹೋಗಿ ಅವನ ಕೈ ಕುಲುಕುತ್ತಿದ್ದೆ.

ಸ್ಪಿಟ್‌ಫೈರ್ ಮಂಡ್ಯ, ಸ್ವಿಂಡನ್
ಮಂಗಳವಾರ

ನಾನೂ ಪೂರ್ತಿ ಓದಿದೆ, ಈ ಸಲ ಎಣಿಸಲಿಲ್ಲ. ಒಂದು ಕಡೆ ಪೆಟ್ಟಿಗೆ ಬಾಯಿ ಮುಚ್ಚಿದೆ. ಕೊನೆಯ ಎಂಒಟಿ 2017ರದು. 2018ರ ಮೇ 20ರಿಂದ ನಲವತ್ತು ವರ್ಷ ದಾಟಿದ ಕಾರುಗಳಿಗೆ, ದೊಡ್ಡ ಬದಲಾವಣೆ ಮಾಡಿರದಿದ್ದರೆ, ಎಂಒಟಿ ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ, ಲಂಡನ್ನಿನ ಹೊಗೆ ವಲಯದ ಶುಲ್ಕವೂ ಇಲ್ಲ. ಒಳ್ಳೆಯದೇ. ಆದರೆ 1991ರ ವೆಲ್ಡಿಂಗಿಗೂ ಈಗ ಮೂವತ್ತು ವರ್ಷ ದಾಟಿದೆ, ಕೊನೆಯ ಕೆಲವು ವರ್ಷ ಅಡಿಯಲ್ಲಿ ಏನಾಗಿದೆ ಎಂದು ಹೇಳುವ ಒಂದೂ ಕಾಗದವಿಲ್ಲ. ಬೇಕೆಂದರೆ ಈಗಲೂ ಎಂಒಟಿ ಮಾಡಿಸಬಹುದು. ಅದನ್ನು ವ್ಯಾಪಾರದ ಷರತ್ತಾಗಿಡಿ. ಹಾಗೆಯೇ ಟೈರಿನ ಪಕ್ಕೆಯ ನಾಲ್ಕಂಕಿ ಓದಿ, ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ಅಂಕಿ ವರ್ಷ.

ಜಯನಗರ ಮೈನರ್, ಬೆಂಗಳೂರು
ಬುಧವಾರ

ಈ ಚರ್ಚೆಯನ್ನು ಹೊಟ್ಟೆ ಉರಿಯುತ್ತಲೇ ಓದುತ್ತಿದ್ದೇನೆ. ತಾತನ ಮೋರಿಸ್ ಮೈನರ್ ನನ್ನ ಬಳಿ ಇದೆ. ಎಂವೈ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸದಾಗಿ ಕೊಡುವ ನಂಬರಿನಲ್ಲಿ ವಿಎ ಅಕ್ಷರಗಳಿರುತ್ತವೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷ ಮಾನ್ಯ. ರ‍್ಯಾಲಿ, ಪ್ರದರ್ಶನ, ದುರಸ್ತಿಗೆ ರಸ್ತೆಗಿಳಿಸಬಹುದು, ದಿನವೂ ಓಡಿಸುವಂತಿಲ್ಲ. ತಾತನ ಕಾಗದಗಳಿದ್ದ ಟ್ರಂಕನ್ನು ಮನೆ ಬದಲಿಸುವಾಗ ರದ್ದಿಗೆ ಹಾಕಿದ್ದರು. ಒಂದು ಹಳೆಯ ವಿಮಾ ಚೀಟಿ ಮಾತ್ರ ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕಿತು. ಅದನ್ನು ಫ್ರೇಮ್ ಹಾಕಿಸಿಟ್ಟಿದ್ದೇನೆ. ಆ ನೀಲಿ ಪುಸ್ತಕವನ್ನು ಜೋಪಾನ ಮಾಡಿ ಸರ್.

ತುಂಗಾತೀರ, ರೆಡಿಂಗ್
ಮಾರ್ಚ್ ಕೊನೆ

ಕೊಂಡೆ! ಎಂಒಟಿಯಲ್ಲಿ ಮೊದಲು ಫೇಲ್ ಆಯಿತು. ಎಡ ಮುಂಚಕ್ರ ಪಕ್ಕಕ್ಕೆ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್ ಸವೆದು ಆಡುತ್ತಿತ್ತು, ಗ್ರೀಸ್ ಕಂಡು ವರ್ಷಗಳಾಗಿದ್ದವು. ಅಡಿಯ ತಗಡು ಗಟ್ಟಿ ಎಂದು ಪರೀಕ್ಷಕರೇ ಹೇಳಿದರು. ಟೈರು 2309, ಅಂದರೆ 2009ರವು, ಎಲ್ಲ ಬದಲಿಸಬೇಕಾಯಿತು. ಇವೆರಡನ್ನೂ ಮೈಲಿಯ ವಿಷಯವನ್ನೂ ಮುಂದಿಟ್ಟು ಮಾತಾಡಿ 7,100ಕ್ಕೆ ಒಪ್ಪಿಸಿದೆ. ಆ ಹಿರಿಯರು ಬೇಸರಪಡಲಿಲ್ಲ, ಮೀಟರ್ ಸುತ್ತಿ ಬಂದದ್ದು ಅವರಿಗೂ ತಿಳಿದಿರಲಿಲ್ಲ. ಕಿಂಗ್‌ಪಿನ್ ಬದಲಿಸಿ ಮತ್ತೆ ಎಂಒಟಿ ಮಾಡಿಸಿದೆ, ಪಾಸಾಯಿತು. ಈಗ ಇ5 ಪೆಟ್ರೋಲನ್ನೇ, ಅಂದರೆ ಎಥನಾಲ್ ಕಡಿಮೆ ಇರುವುದನ್ನೇ, ಹಾಕಿಸುತ್ತಿದ್ದೇನೆ. ಇ10ರ ಎಥನಾಲ್ ಹಳೆಯ ರಬ್ಬರ್ ಕೊಳವೆಗಳಿಗೆ ಆಗಿಬರುವುದಿಲ್ಲ.

ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಮೂಲ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ, ಅದಕ್ಕೂ ಅರ್ಜಿ ಹಾಕಿದ್ದೇನೆ.

ತುಂಗಾತೀರ, ರೆಡಿಂಗ್
ಜೂನ್, ಶನಿವಾರ

ಪ್ರಮಾಣಪತ್ರ ಬಂತು. ಕಾರ್ಖಾನೆ ಬಿಟ್ಟಾಗಿನ ಬಣ್ಣ ಪೇಲ್ ಪ್ರಿಮ್‌ರೋಸ್, ತಿಳಿ ಹಳದಿ. ಹಿಂದಿನ ಕಾರ್ಪೆಟ್ ಎತ್ತಿದರೆ ಅಂಗೈಯಷ್ಟು ಜಾಗದಲ್ಲಿ ಆ ಹಳದಿ ಇನ್ನೂ ಇದೆ. ಹಸಿರನ್ನು ಬದಲಿಸುವುದಿಲ್ಲ, ಅದಕ್ಕೂ 1991ರ ರಸೀತಿ ಇದೆ.

ಅಪ್ಪ ಗುರುವಾರ ಬಂದರು. ನಿನ್ನೆ ಕಾರು ಸ್ಟಾರ್ಟ್ ಮಾಡಿದೆ. ಕಾರಿನ ಸುತ್ತ ಒಂದು ಸುತ್ತೂ ಬರದೆ ಬಾನೆಟ್ ಪಕ್ಕ ನಿಂತು ತಲೆ ಓರೆ ಮಾಡಿ ಕೇಳಿಸಿಕೊಂಡರು. ‘ಟ್ಯಾಪೆಟ್ ಸಡಿಲ ಇದೆಯಲ್ಲೋ, ಮೂರನೆಯದು’ ಎಂದರು. ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಇಂದು ಬೆಳಿಗ್ಗೆ ಇಬ್ಬರೂ ಸೇರಿ ಮುಚ್ಚಳ ಬಿಚ್ಚಿ ಎಂಟೂ ಟ್ಯಾಪೆಟ್ಟುಗಳ, ಅಂದರೆ ವಾಲ್ವ್ ತೆರೆಯುವ ಭಾಗಗಳ, ಸಂದನ್ನು 0.015 ಇಂಚಿಗೆ ಹೊಂದಿಸಿದೆವು. ಹೇಳಿದ ಹಾಗೆ ಮೂರನೆಯದೇ ಹೆಚ್ಚು ಸಡಿಲವಾಗಿತ್ತು. ಆಮೇಲೆ ಅಪ್ಪ ಕೈ ತೊಳೆದು ಬಂದು ನೀಲಿ ಪುಸ್ತಕ ಕೇಳಿದರು. ಅದು ತುಂಬಿದೆ ಎಂದೆ. ರಟ್ಟಿನ ಒಳಬದಿ ಖಾಲಿ ಇತ್ತು. ಅಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆದರು: ತಾರೀಖು, 1,38,977 ಮೈಲಿ, ಟ್ಯಾಪೆಟ್ ಸರಿಪಡಿಸಿದೆ.

ಮಧ್ಯಾಹ್ನ ಅಬಿಂಗ್ಡನ್ ಕಡೆಗೆ ಹೊರಡುತ್ತಿದ್ದೇವೆ. ಪಂಪಿನ ಟಿಕ್ ಟಿಕ್ ನಿನ್ನೆಯಿಂದ ಸ್ವಲ್ಪ ಹೆಚ್ಚು ಹೊತ್ತು ಬಡಿಯುತ್ತಿದೆ ಅನಿಸುತ್ತಿದೆ. ಕೊವೆಂಟ್ರಿ ಅಣ್ಣ, ಫ್ಲೋಟ್ ಮೊದಲು ನೋಡಲೇ, ಪಂಪಿನ ಕಾಂಟ್ಯಾಕ್ಟ್ ಪಾಯಿಂಟ್ ಮೊದಲು ನೋಡಲೇ?